ಸರ್ವಿಸ್ ಬುಕ್ಕಿನ ಆಂಟಿ

ದೇಶದ ರಾಜಧಾನಿಯ ಕಿದ್ವಾಯಿ ನಗರದ ಸರ್ಕಾರಿ ಕಾಲನಿಯಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಆಫೀಸಿನಲ್ಲಿ ನೌಕರರ ಹುಟ್ಟಿದ ತಾರೀಖು, ರಜೆ, ಬಡ್ತಿ ಎಲ್ಲ ಬರೆದಿಡುವ ಸರ್ವಿಸ್ ಬುಕ್ಕುಗಳನ್ನು ನೋಡಿಕೊಳ್ಳುತ್ತಿದ್ದರು. ಪುಕ್ಕಟೆ ಕೊತ್ತಂಬರಿ ಕೊಡದ ತರಕಾರಿ ಭಯ್ಯಾನಿಗೂ ಕನ್ನಡಕ ಮೂಗಿನ ತುದಿಗಿಳಿಸಿ, ಅಚ್ಚ ಕನ್ನಡದಲ್ಲೇ "ಯಾವ ರೂಲ್ ಪ್ರಕಾರ?" ಎನ್ನುತ್ತಿದ್ದರು.

ನನಗೆ ಹುಡುಗಿಯರಲ್ಲ, ಹುಡುಗರೇ ಇಷ್ಟವೆಂದು ಗೊತ್ತಾದಾಗ ಅಪ್ಪ ಗ್ರೇಟರ್ ನೋಯ್ಡಾದ ಡಾಕ್ಟರೊಬ್ಬನಿಂದ ನನ್ನನ್ನು 'ಸರಿಪಡಿಸುವ' ಚಿಕಿತ್ಸೆಯ ಫಾರಂ ತಂದರು. ಕಾಲನಿಯ ಎಲ್ಲ ಫಾರಂಗಳಂತೆ ಅದನ್ನೂ ತುಂಬಿಸಲು ಆಂಟಿಯ ಬಳಿಗೇ ಒಯ್ದರು.

"ಯಾವ ರೂಲ್ ಪ್ರಕಾರ? ಕೆಲಸಕ್ಕೆ ಸೇರಿದ ಮೇಲೆ ಹುಟ್ಟಿದ ತಾರೀಖನ್ನೇ ತಿದ್ದೋಕೆ ಬಿಡಲ್ಲ ನಾನು. ಹುಟ್ಟಿದ ಹುಡುಗನನ್ನೇ ತಿದ್ದೋಕೆ ಇವನ್ಯಾರ್ರೀ?"

"ಡಾಕ್ಟರು..." ಅಪ್ಪ ತೊದಲಿದರು.

"ಅಚ್ಛಾ? ಮನಸ್ಸಿನ ಇಷ್ಟಾನ ಬದಲಾಯಿಸೋಕಾಗುತ್ತೆ ಅಂದ್ರೆ ಮೊದಲು ಅವನೇ ಒಬ್ಬ ಗಂಡಸನ್ನ ಪ್ರೀತಿಸಿ ತೋರಿಸಲಿ."

ಆಂಟಿ ಫಾರಂ ಮಗುಚಿ, ಹಿಂದಿನ ಖಾಲಿ ಬದಿಯಲ್ಲಿ ತರಕಾರಿ ಪಟ್ಟಿ ಬರೆಯತೊಡಗಿದರು. ಮೊದಲ ಸಾಲು: ಕೊತ್ತಂಬರಿ, ಪುಕ್ಕಟೆ.