ಇಬ್ಬರ ಕೈ ಕೇಳುವ ಸಣ್ಣ ಅನಾನಸು

ಬೆಳಗಿನ ಐದೂಕಾಲು. ಮನೆಯಲ್ಲೇ ಹಣ್ಣು ಮಾರುವ ಹಣ್ಣಕ್ಕ ಮುಂದಿನ ಕೋಣೆಯ ದೀಪ ಹಾಕಿ ಅನಾನಸಿನ ಬುಟ್ಟಿಯೆದುರು ಕೂರುತ್ತಾರೆ. ಹಣ್ಣುಗಳು ಸಣ್ಣವು, ಒಂದೊಂದೂ ಅಂಗೈಯಲ್ಲಿ ಹಿಡಿಸುವಷ್ಟೇ. ಜುಟ್ಟು ಹಿಡಿದು ತಲೆಕೆಳಗು ಮಾಡಿ ಬುಡ ಮೂಸುತ್ತಾರೆ. ವಾಸನೆ ಬಂದದ್ದು ಇವತ್ತಿಗೆ, ಬಾರದ್ದು ನಾಳೆಗೆ. ಚಾಕು ಮೇಲಿಂದ ಕೆಳಕ್ಕೆ ಇಳಿದಂತೆ ಸಿಪ್ಪೆ ತೆಳ್ಳಗೆ ಸುಲಿದು ಬೀಳುತ್ತದೆ. ಸುಲಿದದ್ದು ಎದುರಿನ ಹಲಗೆಗೆ. ಹಲಗೆಯ ಆಚೆಗೆ ಇನ್ನೊಂದು ಮಣೆ. ಅದರ ಮೇಲೆ ಯಾರೂ ಇಲ್ಲ.

ಹಲಗೆ ತುಂಬಿದ ಮೇಲೆ ಅವರೇ ಮೊಣಕಾಲಿಗೆ ಕೈಯೂರಿ ಏಳುತ್ತಾರೆ. ಸುತ್ತಿ ಬಂದು ಆ ಮಣೆಯ ಮೇಲೆ ಕೂತು ಸಣ್ಣ ಚಾಕು ಎತ್ತಿಕೊಳ್ಳುತ್ತಾರೆ. ಈಗ ಸುಲಿದ ಹಣ್ಣಿನ ಮೈಯಲ್ಲಿ ಉಳಿದ ಕಂದು ಕಣ್ಣು ತೆಗೆಯುವ ಕೆಲಸ.

ಪೇಟೆಯ ಅಂಗಡಿಗಳು ದೊಡ್ಡ ಅನಾನಸನ್ನು ಹೋಳು ಮಾಡಿ ಮಾರುತ್ತವೆ. ಸಣ್ಣದರ ತಂಟೆಗೆ ಹೋಗುವುದಿಲ್ಲ. ಕೆಲಸ ಜಾಸ್ತಿ, ತಿರುಳು ಕಡಿಮೆ. ಆದರೆ ಸಣ್ಣ ಹಣ್ಣಿನ ನಡುದಿಂಡು ಮೆತ್ತಗಿರುವುದರಿಂದ ಬಿಸಾಡಬೇಕಿಲ್ಲ. ಕಣ್ಣುಗಳು ಓರೆಸಾಲಿನಲ್ಲಿರುತ್ತವೆ. ಸಾಲು ಹಿಡಿದು ಎರಡೂ ಬದಿಯಿಂದ ಚಾಕು ಹಾಯಿಸಿದರೆ ಹಣ್ಣಿನ ಸುತ್ತ ತಿರುಪಿನಂಥ ಗೆರೆ ಮೂಡುತ್ತದೆ. ಉಪ್ಪುನೀರಿನಲ್ಲಿ ಅದ್ದಿ ತೆಗೆದರೆ ಮುಗಿಯಿತು. ಜುಟ್ಟು ಕತ್ತರಿಸುವುದಿಲ್ಲ, ಅದೇ ಹಿಡಿ. ಗಿರಾಕಿಗಳು ಮನೆಯ ಮೆಟ್ಟಿಲ ಮೇಲೆ ಕೂತು ಜುಟ್ಟು ಹಿಡಿದು ಕಚ್ಚಿ ತಿನ್ನುತ್ತಾರೆ. ರಸ ಮೊಣಕೈವರೆಗೆ ಇಳಿಯುತ್ತದೆ.

ಹದಿನೆಂಟು ವರ್ಷ ಆ ಎರಡನೆಯ ಮಣೆ ನಾದಿನಿಯದಾಗಿತ್ತು. ವಯಸ್ಸು ನಲವತ್ತು ದಾಟಿದರೂ ಮನೆಯಲ್ಲಿ ಆಕೆ ‘ಪಾಪು’. ಅತ್ತಿಗೆ ಸುಲಿಯುವುದು, ಪಾಪು ಕಣ್ಣು ತೆಗೆಯುವುದು. ಹಣ್ಣು ಕೈಯಿಂದ ಕೈಗೆ ಹೋಗಲು ಯಾರೂ ತಲೆಯೆತ್ತಿ ನೋಡಬೇಕಿರಲಿಲ್ಲ. ಬಾಯಿ ಮಾತ್ರ ಇಬ್ಬರದೂ ಬಿಡುವಿಲ್ಲದೆ ನಡೆಯುತ್ತಿತ್ತು.

ಹೆಂಡತಿ ತೀರಿಕೊಂಡಿದ್ದ ಬಸ್ ಡ್ರೈವರ್ ಒಬ್ಬರು ಆಗ ದಿನವೂ ಹಣ್ಣು ತಿನ್ನಲು ಬರುತ್ತಿದ್ದರು. ಒಂದಕ್ಕೆಂದು ಬಂದವರು ಮೂರು ತಿಂದು ಹೋಗುವುದನ್ನು ಮೊದಲು ಗಮನಿಸಿದ್ದು ಹಣ್ಣಕ್ಕನೇ. “ಅವರಿಗೆ ಹಣ್ಣಿನ ಮೇಲೆ ಆಸೆ ಇಲ್ಲ ಅಂತ ನಂಗೆ ಗೊತ್ತಾಯ್ತು. ಪಾಪು ಬೇಡ ಬೇಡ ಅಂದ್ಲು. ಎಷ್ಟು ದಿನ ನನ್ನ ಮುಖ ನೋಡ್ಕೊಂಡು ಕೂತಿರ್ತೀಯ ಅಂತ ಬೈದು ಒಪ್ಪಿಸ್ದೆ” ಎನ್ನುತ್ತಾರೆ. ಕಳೆದ ವರ್ಷ ಮದುವೆಯಾಯಿತು. ಆಮೇಲೆ ಡ್ರೈವರಿಗೆ ವರ್ಗವಾಯಿತು. ಈಗ ಪಾಪು ಇರುವುದು ನಾಲ್ಕು ತಾಸು ದೂರದ ಊರಿನಲ್ಲಿ.

“ಅವಳು ಹೋದ ಮಾರನೇ ದಿನ ಸುಲಿದೆ, ಎಂದಿನ ಹಾಗೆ ಕೈ ಚಾಚಿ ಬಿಟ್ಟೆ. ಹಣ್ಣು ನೆಲಕ್ಕೆ ಬಿತ್ತು. ಅವತ್ತು ಒಂದಲ್ಲ, ನಾಲ್ಕು ಹಣ್ಣು ಬೀಳ್ಸಿದೀನಿ.”

ತಟ್ಟೆ ತೊಳೆದು ಗಿರಾಕಿಗಳಿಗೆ ಹಣ್ಣು ಕೊಡುವ ಗಂಡ ಒಳಗಿನಿಂದಲೇ ಮಾತು ಸೇರಿಸುತ್ತಾರೆ: “ಮದುವೆ ಮಾಡ್ಸಿದ್ದೂ ಇವಳೇ, ಮೂತಿ ಊದಿಸ್ಕೊಂಡು ಕೂತಿರೋದೂ ಇವಳೇ.”

“ನಿಮಗೇನ್ರೀ, ತಂಗಿ ಹೋದ್ರೆ ತಟ್ಟೆಯಾದ್ರೂ ಕಡಿಮೆ ಆಯ್ತು.”

ತಟ್ಟೆ ಕಡಿಮೆಯಾಗಿರುವುದು ನಿಜ. ಒಬ್ಬರೇ ಎರಡೂ ಮಣೆಯ ಕೆಲಸ ಮಾಡುವುದರಿಂದ ಮೊದಲಿನ ಅರ್ಧದಷ್ಟು ಹಣ್ಣು ಮಾತ್ರ ಸಿದ್ಧವಾಗುತ್ತದೆ. ರಸದ ಹುಳಿಗೆ ಬೆರಳ ತುದಿಗಳು ಬಿರಿದಿವೆ. ಗವಸು ತೊಟ್ಟರೆ ಕಣ್ಣಿನ ಸಾಲು ಬೆರಳಿಗೆ ಸಿಗುವುದಿಲ್ಲವಂತೆ. ಎದುರು ಮನೆಯ ಹೊಲಿಗೆಯಾಕೆ ಜೊತೆಗೆ ಬರುತ್ತೇನೆಂದು ಎರಡು ಸಲ ಕೇಳಿದ್ದಾರೆ. ‘ನೋಡೋಣ’ ಎಂಬುದೇ ಉತ್ತರ. ಫೋನಿನಲ್ಲಿ ಪಾಪುವೂ ಯಾರನ್ನಾದರೂ ಸೇರಿಸಿಕೊಳ್ಳಿ ಎಂದು ಹೇಳುತ್ತಲೇ ಇರುತ್ತಾಳೆ.

“ಕೆಲಸಕ್ಕೆ ಜನ ಸಿಗ್ತಾರೆ. ನಂಗೆ ಬೇಕಾಗಿರೋದು ಅವಳು. ವಾಪಸ್ ಬಾ ಅನ್ನಲ್ಲ, ಅಲ್ಲಿ ಚೆನ್ನಾಗಿದಾಳೆ. ಒಂದು ಬೆಳಗ್ಗೆ ಎದುರಿಗೆ ಕೂತು ಹರಟೆ ಹೊಡ್ಕೊಂಡು ಕಣ್ಣು ತೆಗೆದ್ರೆ ಸಾಕು ನಂಗೆ.”

ಊರು ಬಿಟ್ಟ ಮೇಲೆ ಪಾಪು ಮೊದಲ ಸಲ ಬರಬೇಕಿದ್ದುದು ಇವತ್ತು, ಶನಿವಾರ. ಅದಕ್ಕೇ ಬುಟ್ಟಿ ಎರಡು ಬಂದಿವೆ. ಏಳು ಗಂಟೆಗೆ ಫೋನು ಬಡಿದುಕೊಳ್ಳುತ್ತದೆ.

“ಅತ್ತಿಗೆ, ಬೈಬೇಡಿ. ನಮ್ಮತ್ತೆ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸ್ಕೊಂಡಿದಾರೆ. ಹೇಗೆ ಬಿಟ್ಟು ಬರ್ಲಿ?”

“ಬೈಯೋಕೇನಿದೆ. ಅವರನ್ನ ನೋಡ್ಕೋ.”

“ಹಣ್ಣು ತರಿಸಿಬಿಟ್ರಾ?”

“ಇಲ್ಲ ಕಣೇ, ಎಲ್ಲಿ ತರಿಸಿದೆ.”

ಫೋನು ಇಟ್ಟ ಮೇಲೆ ಹಣ್ಣಕ್ಕ ಇನ್ನೊಂದು ಹಣ್ಣು ಸುಲಿಯುತ್ತಾರೆ. ಅರ್ಧಕ್ಕೇ ನಿಲ್ಲಿಸುತ್ತಾರೆ. ಎರಡನೆಯ ಬುಟ್ಟಿಯತ್ತ ನೋಡುತ್ತಾ ಗಂಡ ಮೆಲ್ಲಗೆ ಹೇಳುತ್ತಾರೆ: “ಅವಳು ಬರೋಕಾಗಲ್ಲ ಅಂದ್ಲು. ನೀನು ಹೋಗೋಕಾಗಲ್ಲ ಅಂತ ಯಾರೂ ಅಂದಿಲ್ವಲ್ಲ.”

ಪಾಪುವಿನ ಮದುವೆಯ ದಿನವೊಂದನ್ನು ಬಿಟ್ಟರೆ ಈ ಮನೆಯಲ್ಲಿ ಹಣ್ಣು ಕೊಡುವುದು ನಿಂತದ್ದೇ ಇಲ್ಲ. ಹಣ್ಣಕ್ಕ ಎದ್ದು ಕೈ ತೊಳೆಯುತ್ತಾರೆ. ಎರಡನೆಯ ಬುಟ್ಟಿಯ ಹಣ್ಣುಗಳನ್ನು ಜುಟ್ಟು ಮುರಿಯದಂತೆ ಚೀಲಕ್ಕೆ ತುಂಬುತ್ತಾರೆ. ಸೀರೆ ಬದಲಿಸಿ ಹೊರಬರುವಷ್ಟರಲ್ಲಿ ಮೆಟ್ಟಿಲ ಬಳಿ ದಿನದ ಮೊದಲ ಗಿರಾಕಿ ನಿಂತಿದ್ದಾರೆ.

“ಏನ್ ಹಣ್ಣಕ್ಕ, ಇವತ್ತು ಇಲ್ವಾ?”

“ಇದೆ, ಇವರನ್ನ ಕೇಳಿ. ಸಿಪ್ಪೆ ತೆಗೆದಿಟ್ಟಿದೀನಿ. ಕಣ್ಣು ನೀವೇ ತೆಕ್ಕೊಳ್ಳಿ” ಎನ್ನುತ್ತಲೇ ಚಪ್ಪಲಿ ಮೆಟ್ಟುತ್ತಾರೆ. ಗಂಡನತ್ತ ತಿರುಗಿ, “ಸಂಜೆಗೆ ಬಂದ್ಬಿಡ್ತೀನಿ” ಎನ್ನುತ್ತಾರೆ.

ಎಂಟೂವರೆಯ ಬಸ್ಸಿನಲ್ಲಿ ಅವರು ಹೊರಟರು. ಹಿಂದಿರುಗಿದ್ದು ಗುರುವಾರ.