ಅಜ್ಜಿಗೆ ಏನಾಗಿತ್ತು?

ಸೌತ್‌ಫೀಲ್ಡ್‌ನ ನಮ್ಮ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಗೆಳತಿ ಡೆಟ್ರಾಯಿಟ್‌ನ ಕಪ್ಪು ಕುಟುಂಬದವಳು, ನನ್ನದೇ ವಯಸ್ಸು. ಬಿಪಿ ಬಂದ ಮೇಲೆ ಮಧ್ಯಾಹ್ನ ವಾಕಿಂಗ್ ಶುರುಮಾಡಿದಳು; ನಾನೂ ಜೊತೆಗೆ ಹೋಗುತ್ತೇನೆ. ಇಷ್ಟು ಬೇಗ ಯಾಕೆ ಬಂತು ಎಂದು ಕೇಳಿದರೆ ಡಾಕ್ಟರು, ಉಪ್ಪು ಕಡಿಮೆ ಮಾಡು ಎಂದಷ್ಟೇ ಹೇಳಿ ಎದ್ದರಂತೆ. ಅವಳ ಅಜ್ಜಿ ನಲವತ್ತಕ್ಕೇ ತೀರಿಕೊಂಡಿದ್ದರು. ಕಾಯಿಲೆ ಏನೆಂದು ಆಗ ಚಿಕ್ಕವಳಾಗಿದ್ದ ಅವಳ ಅಮ್ಮನಿಗೂ ಗೊತ್ತಿರಲಿಲ್ಲ. ತನಗೂ ಅದೇ ಆಗುತ್ತದೇನೋ ಎಂಬ ಭಯ ಅವಳಿಗೆ.

ಕಾಯಿಲೆಯ ಮಾತು ಬಾರದ ಮನೆ ನನಗೆ ಹೊಸದಲ್ಲ. ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ನಾರ್ತ್‌ವಿಲ್‌ನ ನಮ್ಮ ಮನೆಯಲ್ಲಿ ಅಮ್ಮನ ಶುಗರ್ ಮಾತ್ರೆಗಳು ಬೀರು ಸೇರುತ್ತವೆ. ಗೆಳತಿಯ ಮನೆಯಲ್ಲೂ ಹೀಗೇ ಏನೋ ಮುಚ್ಚಿಟ್ಟಿರಬೇಕು ಅಂದುಕೊಂಡಿದ್ದೆ.

ಒಂದು ಭಾನುವಾರ ಆ ಅಜ್ಜಿಯ ತಂಗಿಯ ಮನೆಗೆ ನನ್ನನ್ನೂ ಊಟಕ್ಕೆ ಕರೆದುಕೊಂಡು ಹೋದಳು. ನಾನು ಮಾಂಸ ತಿನ್ನುವುದಿಲ್ಲ, ತನಗೂ ಒಳ್ಳೆಯದು ಎಂದು ಅವರ ಮನೆಗಳಲ್ಲಿ ಸೊಪ್ಪಿಗೆ ಯಾವಾಗಲೂ ಸೇರಿಸುವ ಉಪ್ಪು ಹಚ್ಚಿದ ಹಂದಿಮಾಂಸ ಹಾಕದೆ ಸೊಪ್ಪು ಬೇಯಿಸಿದ್ದಳು. ಚಿಕ್ಕಜ್ಜಿ ಒಂದು ತುತ್ತು ತಿಂದು ಅವಳನ್ನೇ ನೋಡಿದರು.

"ಯಾರ ಮೇಲಿನ ಕೋಪಾನೇ ಇದು? ಈ ಸೊಪ್ಪೇನು ತಪ್ಪು ಮಾಡಿತ್ತು?"

"ನಂಗೆ ಬಿಪಿ ಅಜ್ಜಿ. ಉಪ್ಪು ಕಡಿಮೆ ಮಾಡು ಅಂತ ಡಾಕ್ಟರ್ ಹೇಳಿದಾರೆ."

"ಹಾಗಾದ್ರೆ ಅವರೇ ಬಂದು ತಿನ್ಲಿ."

ಎಲ್ಲರೂ ನಕ್ಕೆವು. ನಗು ನಿಲ್ಲುವ ಮೊದಲೇ ಗೆಳತಿ ಕೇಳಿಬಿಟ್ಟಳು. "ನಿಮ್ಮಕ್ಕಂಗೆ ಏನಾಗಿತ್ತು?"

"ಯಾರಿಗ್ಗೊತ್ತು? ತಲೆ ಸಿಡೀತಿದೆ ಅಂತಿದ್ಲು. ಬಟ್ಟೆ ಬಿಗಿದು ಕಟ್ಕೊಂಡು ಕೆಲಸಕ್ಕೆ ಹೋಗ್ತಿದ್ಲು. ಕೊನೆಗೆ ನಾನೇ ಆಸ್ಪತ್ರೆಗೆ ಕರ್ಕೊಂಡು ಹೋದೆ. ನಮ್ಮ ಹಿಂದೆ ಬಂದ ಬಿಳಿಯರನ್ನೆಲ್ಲ ಒಳಗೆ ಕರೆದ್ರು. ನಾವು ಬಾಗಿಲ ಹತ್ರಾನೇ ಕೂತಿದ್ವಿ. ಅಲ್ಲೇ ಪ್ರಾಣ ಹೋಯ್ತು. ಡಾಕ್ಟರು ನೋಡಿದ್ರೆ ತಾನೇ ಏನು ಅಂತ ಹೇಳೋಕೆ?"

ನನ್ನ ಊಹೆ ತಪ್ಪಾಗಿತ್ತು. ಇಲ್ಲಿ ಮುಚ್ಚಿಡಲು ಏನೂ ಇರಲೇ ಇಲ್ಲ.

"ಈ ತಲೆನೋವಿನ ವಿಷಯ ಡಾಕ್ಟರಿಗೆ ಹೇಳ್ಬೇಕು," ಎಂದಳು ಗೆಳತಿ ಮೆಲ್ಲಗೆ.

"ನೀನು ಹೇಳಿದ್ರೆ ಮತ್ತೆ ಉಪ್ಪು ಅಂತಾರೆ. ನಾನೇ ಬಂದು ಹೇಳ್ತೀನಿ. ಯಾವತ್ತು ಹೋಗ್ಬೇಕು?"

ಅಕ್ಕ ಹೋದ ದಿನದಿಂದ ಅವರು ಆಸ್ಪತ್ರೆಯೊಳಗೆ ಕಾಲಿಟ್ಟಿರಲಿಲ್ಲವೆಂದು ಆಮೇಲೆ ತಿಳಿಯಿತು.

"ಗುರುವಾರ," ಎಂದಳು ಗೆಳತಿ.

"ಸರಿ. ಈಗ ಉಪ್ಪು ಕೊಡು."

ಅವಳು ಉಪ್ಪಿನ ಡಬ್ಬಿಯನ್ನು ನನ್ನ ಕಡೆ ಸರಿಸಿ, ಸೊಪ್ಪಿಗೆ ಹುಳಿಯಾಗಿ ಹಾಕಿಕೊಳ್ಳಲೆಂದು ಚಿಕ್ಕಜ್ಜಿಯ ಮುಂದೆ ವಿನೆಗರ್ ಇಟ್ಟಳು.