ಮೀಟರ್ ಸೊನ್ನೆಯಲ್ಲಿದ್ದ ಹೊತ್ತು

ಮೂರನೇ ಸಲವೂ ಪುಡಿ ಸುಟ್ಟು ಕರಕಲಾದಾಗ ನನ್ನ ಸಂಶೋಧನೆಯ ಗೈಡ್ ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ. ಡಬ್ಬಿಯಲ್ಲಿ ಇನ್ನೊಂದೇ ಚಿಟಿಕೆ ಉಳಿದಿದೆ, ಅದೂ ಹೋದರೆ ಈ ವಿಷಯ ಬಿಟ್ಟು ಬೇರೆ ಹಿಡಿ ಎಂದರು, ಅಷ್ಟೆ. ಎರಡು ವರ್ಷದಿಂದ ಅದಕ್ಕೇ ಜೋತುಬಿದ್ದಿದ್ದೆ. ಬಿಡುವ ಮಾತೇ ಇರಲಿಲ್ಲ.

ಕೆಲಸ ಹೇಳುವುದಕ್ಕೆ ಸುಲಭ. ಗಾಜಿನ ಗುಮ್ಮಟದೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಬೋಟ್ ಎನ್ನುವ ಪುಟ್ಟ ಲೋಹದ ತೊಟ್ಟಿಯಲ್ಲಿಟ್ಟ ನೀಲಿ ಪುಡಿಯನ್ನು ಕರೆಂಟಿನಿಂದ ಕಾಯಿಸಬೇಕು. ಅದು ಆವಿಯಾಗಿ ಮೇಲಿನ ಗಾಜಿನ ತುಂಡಿಗೆ ತೆಳ್ಳಗೆ, ಸಮವಾಗಿ ಕೂರಬೇಕು. ಆವಿ ಏಳುತ್ತಿದೆಯೇ, ಎಷ್ಟು ದಪ್ಪ ಕೂತಿದೆ ಎಂದು ಪಕ್ಕದ ಮೀಟರ್ ತೋರಿಸುತ್ತದೆ. ಲೋಹವಾದರೆ ಎಷ್ಟು ಕಾಯಿಸಿದರೂ ತಡೆಯುತ್ತದೆ. ಇದು ಸಾವಯವ ಪುಡಿ, ಶಾಖ ಸ್ವಲ್ಪ ಹೆಚ್ಚಾದರೂ ಸೀದುಹೋಗುತ್ತದೆ.

ಆ ಸಂಜೆ ಮಂಡ್ಯದ ಗುತ್ತಲಿನ ಮನೆಯಲ್ಲಿ ಅಪ್ಪನ ಮುಂದೆ ಎಲ್ಲವನ್ನೂ ಕಾರಿಕೊಂಡೆ. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್ ನೋಡಿಕೊಳ್ಳುತ್ತಿದ್ದ. ಅಲ್ಲೂ ಕಬ್ಬಿನ ಪಾಕ ಕುದಿಯುವುದು ಪ್ಯಾನ್ ಎನ್ನುವ, ಗಾಳಿ ಎಳೆದ ದೊಡ್ಡ ಪಾತ್ರೆಯಲ್ಲೇ, ಕಡಿಮೆ ಶಾಖದಲ್ಲಿ, ಸೀಯದ ಹಾಗೆ. ಇಷ್ಟು ವರ್ಷ ಅದು ನನಗೆ ಹೊಳೆದೇ ಇರಲಿಲ್ಲ, ನಾಚಿಕೆಯಾಗುತ್ತದೆ. ಮೀಟರ್ ಅಲ್ಲಾಡದಿದ್ದಾಗ ಏನು ಮಾಡುತ್ತೀ ಎಂದು ಅಪ್ಪ ಕೇಳಿದ. ಕರೆಂಟು ಏರಿಸುತ್ತೇನೆ ಎಂದೆ.

“ಕೊಟ್ಟಿದ್ ಕಾವೇ ಇನ್ನೂ ಪುಡಿಗ್ ಮುಟ್ಟಿರಾಕಿಲ್ಲ ಕಣವ್ವ. ಅಷ್ಟ್ರಲ್ಲೇ ಇನ್ನೊಂದಷ್ಟು ಕೊಟ್ರೆ ಅದೇನ್ ಮಾಡಾದು? ಕೊಟ್ಬುಟ್ಟು ಸುಮ್ಕೆ ಕೂತ್ಕೊ.”

ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ.

ಮಾರನೇ ದಿನ ಭಾರತೀನಗರದ ಬಸ್ಸು ಹತ್ತಿ ಕಾಲೇಜಿಗೆ ಹೋದೆ. ಯಂತ್ರ ನನಗೆ ಸಿಗುವುದು ಸಂಜೆ ನಾಲ್ಕರವರೆಗೆ ಮಾತ್ರ. ಉಳಿದಿದ್ದ ಚಿಟಿಕೆಯನ್ನು ಬೋಟಿಗೆ ಹಾಕಿ, ಕರೆಂಟು ಏರಿಸುವ ನಾಬನ್ನು ಕೂದಲೆಳೆಯಷ್ಟು ತಿರುಗಿಸಿ, ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ನನ್ನ ಕೈ ನನಗೆ ಗೊತ್ತು. ಮೀಟರ್ ಸೊನ್ನೆ. ಅರ್ಧ ಗಂಟೆ ಬಿಟ್ಟು ಇನ್ನೊಂದೆಳೆ. ಸೊನ್ನೆ. ಊಟಕ್ಕೂ ಏಳಲಿಲ್ಲ. ನನ್ನ ನಂತರದ ಸರದಿಯ ಸೀನಿಯರ್ ಬಂದವನು, ಸ್ವಲ್ಪ ಏರಿಸಮ್ಮ ಎನ್ನುತ್ತಾ ನಾಬಿಗೆ ಕೈ ಹಾಕಿದ.

“ಮುಟ್ಬೇಡಿ” ಎಂದೆ. ಮಂಡ್ಯದ ಬಾಯಿ, ಒಂದೇ ಮಾತಿಗೆ ಕೈ ತೆಗೆದ.

ಮೂರೂವರೆಗೆ ಮೀಟರ್ ಮಿಸುಕಿತು. ಆವಿಗೆ ಅಡ್ಡವಿದ್ದ ತಗಡನ್ನು ಸರಿಸಿ, ಮೀಟರನ್ನೇ ನೋಡುತ್ತಿದ್ದೆ. ಬೇಕಾದಷ್ಟು ದಪ್ಪ ಬಂದ ತಕ್ಷಣ ಮುಚ್ಚಿ ಕರೆಂಟು ತೆಗೆದೆ. ಎಲ್ಲ ತಣ್ಣಗಾಗುವವರೆಗೆ ಸೀನಿಯರ್ ಕಾದ, ಪಾಪ.

ಗೈಡ್ ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂಲೆಯಿಂದ ಮೂಲೆಗೆ ಒಂದೇ ನೀಲಿ. ಒಂದು ಸಲ ಬಂದರೆ ಯಾರೂ ನಂಬುವುದಿಲ್ಲ, ಇನ್ನೊಂದು ಬೇಕಿತ್ತು, ಪುಡಿಯೇ ಮುಗಿಯಿತಲ್ಲ ಎಂದು ಪೇಚಾಡಿಕೊಂಡರು.

“ಅರ್ಧ ಉಳಿಸಿದೀನಿ ಸಾರ್” ಎಂದು, ತಳದಲ್ಲಿ ಸೀಯದೆ ನೀಲಿ ಪುಡಿ ಉಳಿದಿದ್ದ ಬೋಟನ್ನು ಅವರ ಮುಂದಿಟ್ಟೆ.